ಶೇಖಮ್ಮನ ಬಯಾನಾ

‘ಕೊಟ್ಟೀನಿ’ ಅನ್ನುವ ಒಂದು ಮಾತು ಶುಕ್ರವಾರದಿಂದ ಬಸವಪ್ರಸಾದನ ಹಲ್ಲಿನ ಸಂದಿಯಲ್ಲಿ ಅಡಿಕೆ ಚೂರಿನ ಹಾಗೆ ಸಿಕ್ಕಿಕೊಂಡಿತ್ತು. ಭಾನುವಾರ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತ ಕನ್ನಡಿಯ ಮುಖಕ್ಕೆ ಅದನ್ನು ಇನ್ನೊಂದು ಸಲ ಹೇಳಿ ನೋಡಿದ. ಮುಖ ನಂಬಲಿಲ್ಲ. ನಾರಾಯಣಪೇಟೆಯ ಬ್ಯಾಂಕಿನಲ್ಲಿ ಸಾಲದ ಕಾಗದ ನೋಡುವ ರಜಿನಿ ಮೇಡಂ ನಂಬಿದ್ದರು. ನಂಬಿದರೋ ಬಿಟ್ಟರೋ, ಪೆನ್ನಿನಿಂದ ಒಂದು ಚೌಕದೊಳಗೆ ಗೆರೆ ಎಳೆದು ಮುಂದಿನ ಹಾಳೆ ತಿರುವಿದ್ದರಂತೂ ನಿಜ. “ಮನಿ ಬೆಲೆ ಇಪ್ಪತ್ತು ಲಕ್ಷ. ನಾವು ಹದಿನಾರು ಕೊಡ್ತೀವಿ. ಉಳಿದ ನಾಲ್ಕು ನಿಮ್ಮ ಕೈಯಿಂದ ಹೋಗಿರಬೇಕು. ಮುಂಗಡ ಅಂತ ಬಯಾನಾ ಕೊಟ್ಟೀರೇನ್ರಿ?” “ಕೊಟ್ಟೀನ್ರಿ ಮೇಡಂ.” “ಅಷ್ಟು ರೊಕ್ಕ ಎಲ್ಲಿಂದ ಬಂತು?” ಈ ಎರಡನೆಯ ಪ್ರಶ್ನೆಗೆ ಏನು ಹೇಳಬೇಕೆಂದು ದಲ್ಲಾಳಿ ಅಂಜನಕುಮಾರ್ ಕಲಿಸಿಕೊಟ್ಟಿರಲಿಲ್ಲ. “ಹೆಂಡ್ತಿ ಬಂಗಾರ ಮಾರಿದ್ವಿ” ಎಂದು ತನ್ನ ಬಾಯಿ ಹೇಳಿದ್ದನ್ನು ಬಸವಪ್ರಸಾದ ಪಕ್ಕದ ಕುರ್ಚಿಯವರು ಹೇಳಿದರೇನೋ ಎಂಬಂತೆ ಕೇಳಿಸಿಕೊಂಡ. ಪಕ್ಕದ ಕುರ್ಚಿಯಲ್ಲಿ ಸಹಿ ಹಾಕಲೆಂದು ಕುಳಿತಿದ್ದವಳು ಶೈಲಜಾ. ಅವಳು ಸೆರಗನ್ನು ಕೊರಳ ತುಂಬ ಎಳೆದುಕೊಂಡಳು. ಆವತ್ತು ಬಿಚ್ಚಿಟ್ಟ ಸರವನ್ನು ಅವಳು ಮತ್ತೆ ಹಾಕಿಕೊಂಡಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, “ಮಾರೀವಿ ಅಂದೀರಲ್ಲ. ಮಾರಿದ್ದನ್ನ ಹೆಂಗ ಹಾಕ್ಕೊಳ್ಳಲಿ?” ಎಂದಿದ್ದಳು. ಕೋಪ ಮಾಡಿಕೊಂಡಿದ್ದರೆ ಅವನು ತಿರುಗಿ ರೇಗಬಹುದಿತ್ತು. ಅವಳು ರೊಟ್ಟಿ ತಟ್ಟುತ್ತ, ನಾಳೆ ಹಾಲಿನವನಿಗೆ ಬೇಡ ಅನ್ನಬೇಕು ಎನ್ನುವ ದನಿಯಲ್ಲಿ ಹೇಳಿದ್ದಳು.

ಸುಳ್ಳು ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ. ತೆಲುಗು ನಾಡಿನ ಗಡಿಯ ಮಕ್ತಲಿನ ಸಹಕಾರ ಸಂಘದ ಗೋದಾಮಿನಲ್ಲಿ ಹದಿನೇಳು ವರ್ಷ ಗೊಬ್ಬರದ ಚೀಲ ಬರೆದುಕೊಂಡ ಗುಮಾಸ್ತನಿಗೆ ಕಾಗದದ ಮೇಲಿರುವುದು ಒಂದು, ನೆಲದ ಮೇಲಿರುವುದು ಇನ್ನೊಂದು ಎನ್ನುವುದು ಹೊಸ ಸಂಗತಿಯಲ್ಲ. ಅವನನ್ನು ಕೊರೆಯುತ್ತಿದ್ದುದು, ಆ ನಾಲ್ಕು ಲಕ್ಷವನ್ನು ನಿಜಕ್ಕೂ ಹಾಕಿದವರು ಯಾರು ಎನ್ನುವುದು. ಹಾಕಿದವಳು ಮನೆ ಮಾರುತ್ತಿರುವ ಶೇಖಮ್ಮ. ಕುರಿ ಮಾರಿ ಕಂಬಳಿ ಮಾರಿ, ಗಂಡ ಹೆಂಡತಿ ಒಂದೊಂದೇ ಕೋಣೆ ಎಬ್ಬಿಸಿ ಕಟ್ಟಿದ ಮನೆ. ಪೇಟೆಯಲ್ಲಿ ಇಪ್ಪತ್ತು ಬಾಳುವುದನ್ನು ಅವನಿಗೆ ಹದಿನಾರಕ್ಕೆ ಬಿಟ್ಟುಕೊಟ್ಟು, ಉಳಿದ ನಾಲ್ಕು ತನಗೆ ಬಯಾನಾ ಎಂದು ಮುಟ್ಟಿದೆ ಅಂತ ರಸೀದಿ ಬರೆದುಕೊಟ್ಟಿದ್ದಳು. ಬ್ಯಾಂಕಿನ ಕಣ್ಣಿಗೆ ಅದು ಬಸವಪ್ರಸಾದ ಕೊಟ್ಟ ದುಡ್ಡು. ಅವನು ಕೊಟ್ಟದ್ದು ಏನೂ ಇಲ್ಲ. ಕೊಡಲು ಇರಲೂ ಇಲ್ಲ. ಅವಳು ಸಹಿ ಹಾಕುವಾಗ ತೆಲುಗಿನ ಒಂದೊಂದು ಅಕ್ಷರವನ್ನೂ ಹೊಲಕ್ಕೆ ಬದು ಕಟ್ಟಿದಷ್ಟು ನಿಧಾನವಾಗಿ ಬರೆದಿದ್ದು, ಬರೆದು ಮುಗಿಸಿ ತಲೆಯೆತ್ತಿ ನಕ್ಕಿದ್ದು ಅವನಿಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. “ಸುಳ್ಳು ಬರೀಲಿಕ್ಕೆ ಹಚ್ಚೀನಿ ನಿಮಗ, ಸಿಟ್ಟಾಗಬ್ಯಾಡ್ರಿ” ಎಂದು ಅವನು ಮುದುಡಿಕೊಂಡು ಹೇಳಿದಾಗ ಅವಳಿಗೆ ಆ ಮಾತೇ ವಿಚಿತ್ರವಾಗಿ ಕಂಡಿತ್ತು. “ಸುಳ್ಳು ಎಲ್ಲಿ ಬಂತ್ರಿ ಸಾವಕಾರ್ರ? ನಮ್ಮ ಬೀರಪ್ಪನ್ನ ನೀವು ಇಟ್ಕೊಂತೀರಿ. ಅಂದ್ರ ನನಗ ಮುಟ್ಟಿದಂಗನ. ನಾ ಸುಳ್ಳಿಗೆ ಸಹಿ ಹಾಕೂ ಹೆಣ್ಮಗಳಲ್ಲ.”

ಬೀರಪ್ಪ ಅಂದರೆ ಹಿತ್ತಲಿನ ಬೇವಿನ ಗಿಡದ ಬುಡದಲ್ಲಿರುವ ಮೊಣಕಾಲೆತ್ತರದ ಒಂದು ಚಪ್ಪಟೆ ಕಲ್ಲು. ಶೇಖಮ್ಮನ ತೀರಿಹೋದ ಗಂಡ ನರಸಯ್ಯನ ಅಜ್ಜ ಕೂರಿಸಿದ್ದು. ಅವರ ಮನೆತನದಲ್ಲಿ ಒಮ್ಮೆ ಕೂತ ಬೀರಪ್ಪನನ್ನು ಎಬ್ಬಿಸುವ ಪದ್ಧತಿಯಿಲ್ಲ. ಮನೆ ಯಾರ ಹೆಸರಿಗೆ ಹೋದರೂ ಕಲ್ಲು ಅಲ್ಲೇ ಇರಬೇಕು, ಭಾನುವಾರಕ್ಕೊಮ್ಮೆ ಮನೆಯ ಹೆಣ್ಣುಮಗಳು ಬಂದು ಅದಕ್ಕೆ ಅರಿಶಿನದ ಭಂಡಾರ ಹಚ್ಚಿ ಹೋಗಬೇಕು. ಶೇಖಮ್ಮ ಗದ್ವಾಲಿಗೆ ಹೊರಟಿದ್ದಳು. ಅಲ್ಲಿ ಬಸ್‌ ನಿಲ್ದಾಣದ ಹತ್ತಿರ ತಂಗಿ ಜಮ್ಮುಲಮ್ಮನ ಜೊತೆ ಸೇರಿ ಖಾನಾವಳಿ ಹಿಡಿಯುವ ಹುರುಪಿನಲ್ಲಿದ್ದಳು. ಮನೆ ನೋಡಲು ಬಂದವರು ಕಡಿಮೆಯೇನಲ್ಲ. ಶಾಂತಿನಗರದ ಒಬ್ಬ ವ್ಯಾಪಾರಿ ಇಪ್ಪತ್ತು ಕೊಡುತ್ತೇನೆ, ಆದರೆ ಕಲ್ಲಿರುವ ಜಾಗದಲ್ಲೇ ಪಾಯಖಾನೆಯ ಗುಂಡಿ ತೋಡಬೇಕು ಎಂದಿದ್ದ. ಅವಳು ಅವನಿಗೆ ಕುಡಿಯಲು ನೀರು ಸಹ ಕೊಡದೆ ಕಳಿಸಿದ್ದಳಂತೆ. ಬಸವಪ್ರಸಾದ ಹೋದಾಗ ಮಾತ್ರ ಅವನ ಹಣೆಯ ವಿಭೂತಿ ನೋಡಿ, “ನೀವು ಕೊರಳಾಗ ಲಿಂಗ ಕಟ್ಟಿಕೊಂಡ ಮಂದಿ. ಕಲ್ಲಂದ್ರ ಏನಂತ ನಿಮಗ ನಾ ಹೇಳಬೇಕೇನು?” ಎಂದಳು. ಆ ಒಂದು ಮಾತಿನಲ್ಲಿ ನಾಲ್ಕು ಲಕ್ಷ ಬಿಟ್ಟಳು. ಇಟ್ಟುಕೊಳ್ಳುತ್ತೇನೆ ಎಂದು ಅವನು ಎಷ್ಟು ಸಲೀಸಾಗಿ ಹೇಳಿದ್ದ. ಕಲ್ಲು ಒಂದು ಮೂಲೆಯಲ್ಲಿ ಇದ್ದರೆ ತನ್ನ ಗಂಟೇನು ಹೋಗುತ್ತದೆ ಎಂದುಕೊಂಡಿದ್ದ.

“ಮೊಳಿ ಗಿಳಿ ಏನೂ ಹೊಡದಿಲ್ಲಲ್ಲ?” ಬಾಗಿಲು ಬಡಿಯದೆ ಒಳಗೆ ಬಂದ ಬಾಡಿಗೆ ಮನೆಯ ಮಾಲೀಕರು ಗೋಡೆಯ ಮೇಲೆ ಅಂಗೈ ಆಡಿಸುತ್ತಿದ್ದರು. ಬಸವಪ್ರಸಾದ ಅರ್ಧ ಸೋಪು ಮೆತ್ತಿದ ಮುಖದಲ್ಲಿ, “ಇಲ್ರಿ, ಎಲ್ಲಿ ಹೊಡೀತೀವಿ” ಎಂದ. ತಿಂಗಳಿಗೊಂದು ಭಾನುವಾರ ಅವರು ಹೀಗೆ ಬರುತ್ತಾರೆ. ಹದಿನೇಳು ವರ್ಷಕ್ಕೆ ಇದು ಏಳನೆಯ ಮನೆ, ಎಲ್ಲರ ಗೋಡೆಯೂ ಎಳೆಗೂಸಿನ ಮೈಯಿಗಿಂತ ನಾಜೂಕು. ಮಗಳು ಸ್ರವಂತಿ ಜಿಲ್ಲಾ ಮಟ್ಟದ ಖೋಖೋದಲ್ಲಿ ಗೆದ್ದ ಪತ್ರಕ್ಕೆ ಕಟ್ಟು ಹಾಕಿಸಿ ತಂದು ಒಂದು ವರ್ಷವಾಯಿತು. ಅದು ಅಕ್ಕಿ ಡಬ್ಬಿಗೆ ಒರಗಿ ನಿಂತಿದೆ, ಅಕ್ಕಿ ತೆಗೆಯುವಾಗಲೆಲ್ಲ ಅದನ್ನು ಎತ್ತಿ ನೆಲಕ್ಕಿಡಬೇಕು. ಮಾಲೀಕರು ಅದನ್ನು ನೋಡಿ, “ಚಂದ ಐತಿ, ಹಿಂಗ ಒರಗಿಸಿಡ್ರಿ, ಛಲೋ ಕಾಣ್ತದ” ಎಂದು ಹೊರಟರು. ಸ್ರವಂತಿ ಪುಸ್ತಕದಿಂದ ತಲೆಯೆತ್ತಲಿಲ್ಲ. ಮೊದಲನೆಯ ಸಲ ಶೇಖಮ್ಮನ ಮನೆಯ ಪಡಸಾಲೆಯಲ್ಲಿ ನಿಂತಾಗ ಬಸವಪ್ರಸಾದ ಕೋಣೆಗಳ ಅಳತೆ ನೋಡಿರಲಿಲ್ಲ, ಗೋಡೆಯ ಮೊಳೆಗಳನ್ನು ನೋಡಿದ್ದ. ಕಂಬಳಿ ನೇತುಹಾಕುವ ದೊಡ್ಡ ಮೊಳೆಗಳು, ದೇವರ ಪಟದ ಸಣ್ಣ ಮೊಳೆಗಳು, ಏನನ್ನೂ ಹೊರದೆ ಸುಮ್ಮನೆ ಇದ್ದ ಮೊಳೆಗಳು. ಒಂದರ ಮೇಲೆ ಹೆಬ್ಬೆರಳು ಒತ್ತಿ ನಿಂತವನಿಗೆ ಇದ್ದಕ್ಕಿದ್ದಂತೆ ಅಳು ಬಂದಿತ್ತು. ನಲವತ್ತೆರಡರ ಗಂಡಸು ಪರರ ಮನೆಯಲ್ಲಿ ಮೊಳೆ ಮುಟ್ಟಿ ಅಳುವುದೆಂದರೆ ಎಂಥ ನಾಚಿಕೆಗೇಡು. ಧೂಳು ಬಿತ್ತು ಎಂದು ಕಣ್ಣೊರೆಸಿಕೊಂಡಿದ್ದ.

ಅಂಜನಕುಮಾರನ ಫೋನು ಬಂದದ್ದು ಅವನು ಅಂಗಿಯ ಗುಂಡಿ ಹಾಕಿಕೊಳ್ಳುವಾಗ. “ಹತ್ತೂವರಿಗೆ ಇಂಜಿನಿಯರ್ ಬರ್ತಾರ, ಮಹಬೂಬನಗರದಿಂದ. ಮನಿ ಅಳತಿ ಮಾಡಿ, ಬೆಲೆ ಬರದು, ಬಯಾನಾ ಮುಟ್ಟೇತೇನಂತ ಆಯಮ್ಮಗ ಒಂದ ಮಾತು ಕೇಳಿ ಹೋಗ್ತಾರ. ಅವರು ಬರದದ್ದ ಬ್ಯಾಂಕಿಗೆ ಕಡೀ ಮಾತು. ಮತ್ತ ಹಿಂದಿನ ಆ ಕಲ್ಲಿನ ವಿಷಯ, ಅದನ್ನ ಎತ್ತಬ್ಯಾಡ.” “ಯಾಕ?” “ಯಾಕಂದ್ರ? ಒಳಗ ದೇವರ ಸ್ಥಳ ಐತಿ ಅಂತ ಬರದ್ರ ಫೈಲು ಅಲ್ಲಿಗೇ ಬಿತ್ತು. ನಾಳಿ ಕುಲದವರೆಲ್ಲಾ ಬಂದು ನಮ್ಮ ಗುಡಿ ಅಂತ ಕುಂತ್ರ ಬ್ಯಾಂಕಿನವರು ಏನ ಹರಾಜು ಹಾಕ್ಬೇಕು? ಉಟ್ಕೂರಿನಾಗ ಹಿಂಗ ಒಂದು ಫೈಲು ಬಿದ್ದು ಎರಡು ವರ್ಷ ಆತು. ಏನರ ಹಾಕಿ ಮುಚ್ಚಿಬಿಡು.” ಫೋನು ಇಟ್ಟ ಮೇಲೂ ಬಸವಪ್ರಸಾದ ಅದೇ ಗುಂಡಿಯನ್ನು ಹಾಕುತ್ತ ತೆಗೆಯುತ್ತ ನಿಂತಿದ್ದ. ಯಾವ ದಿನ ಬರಲಿ ಎಂದು ಇಂಜಿನಿಯರ್ ಕೇಳಿದಾಗ ಭಾನುವಾರ ಎಂದವನು ತಾನೇ. ಗೋದಾಮಿಗೆ ರಜೆ ಎನ್ನುವುದೊಂದೇ ಆಗ ಅವನ ತಲೆಯಲ್ಲಿದ್ದದ್ದು. ವಾರದ ಆರು ದಿನ ಆ ಕಲ್ಲಿನ ಮೇಲೆ ಬೇವಿನೆಲೆ ಬಿದ್ದು, ಧೂಳು ಕೂತು, ಕೋಳಿ ಹತ್ತಿ ಇಳಿದು, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಭಾನುವಾರ ಮಾತ್ರ ಅದು ಓಣಿಯ ತುದಿಗೆ ಕಾಣುವಷ್ಟು ಹಳದಿ. ಏಳು ದಿನದಲ್ಲಿ ಆ ಒಂದು ದಿನವನ್ನೇ ಹುಡುಕಿ ಕರೆದಂತಾಗಿತ್ತು.

ಗೋದಾಮಿನ ಒಂದು ಖಾಲಿ ಗೋಣಿಚೀಲವನ್ನು ಮಡಚಿ ಪ್ಲಾಸ್ಟಿಕ್‌ ಕವರಿಗೆ ತುರುಕಿಕೊಂಡು ಅವನು ಹೊರಟ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿದ. ಶೇಖಮ್ಮಾ, ಒಂದು ಗಳಿಗೆಯ ಮಟ್ಟಿಗೆ ಇದನ್ನು ಹೊದಿಸೋಣ. ಹೊದಿಸೋಣ ಅನ್ನುವುದು ಸರಿ, ಮುಚ್ಚೋಣ ಅನ್ನಬಾರದು. ಗೋಣಿ ಬೇಡವಾಗಿತ್ತು, ಯೂರಿಯಾ ನಾರುತ್ತದೆ. ಮನೆಯಿಂದ ಒಂದು ಶಾಲನ್ನಾದರೂ ತರಬಹುದಿತ್ತು. ರಾಯಚೂರು ರಸ್ತೆಯ ಬದಿಗೆ ಶೇರ್‌ ಆಟೋಗಳು ನಾರಾಯಣಪೇಟೆ, ನಾರಾಯಣಪೇಟೆ ಎಂದು ಕೂಗುತ್ತಿದ್ದವು. ಅಪ್ಪನ ಅಂಗಡಿ ಇದ್ದದ್ದು ಇಲ್ಲೇ, ಈಗ ಮೊಬೈಲು ರಿಪೇರಿಯವನು ಕೂತಿರುವ ಕಡೆ. ಅಪ್ಪ ಶಿವಶಂಕರಪ್ಪ ಉಣ್ಣೆ ಕೊಳ್ಳುತ್ತಿದ್ದರು. ಕುರುಬರು ತಲೆಯ ಮೇಲೆ ಗಂಟು ಹೊತ್ತು ಬಂದು ಇಳಿಸಿದರೆ, ತೂಗುವ ಮೊದಲು ಅಪ್ಪ ಪ್ರತಿ ಗಂಟಿನಿಂದಲೂ ಒಂದು ಹಿಡಿ ಉಣ್ಣೆ ಕಿತ್ತು ಪಕ್ಕದ ಬುಟ್ಟಿಗೆ ಹಾಕುತ್ತಿದ್ದರು. ಅದು ದೇವರ ಹಿಡಿ, ಮಠಕ್ಕೆ ಹೋಗುವುದು, ತೂಕಕ್ಕಿಲ್ಲ. ಯಾವ ಕುರುಬನೂ ಒಂದು ಮಾತು ಕೇಳಿದ್ದಿಲ್ಲ. ದೇವರ ಹೆಸರು ಬಂದೊಡನೆ ಅವರು ತಲೆಯ ರುಮಾಲು ಸರಿಮಾಡಿಕೊಂಡು ಕೈ ಮುಗಿಯುತ್ತಿದ್ದರು. ಬಸವಪ್ರಸಾದ ಎಂಟು ವರ್ಷದವನಿದ್ದಾಗ ಮಲಗುತ್ತಿದ್ದ ಗಾದಿ ತುಂಬಾ ಮೆತ್ತಗಿತ್ತು. ಒಂದು ದಿನ ಅದರ ಹೊಲಿಗೆ ಬಿಚ್ಚಿ ಕರಿ ಉಣ್ಣೆ ಹೊರಗೆ ಬಂದಾಗ ಅವನು ಅವ್ವನನ್ನು ಇದು ಮಠದ್ದಲ್ಲವೇ ಎಂದು ಕೇಳಿದ್ದ. ಅವ್ವ ಸೂಜಿ ದಾರ ತಂದಿದ್ದಳು. ಮರುದಿನವೂ ಅವನು ಆ ಗಾದಿಯ ಮೇಲೇ ಮಲಗಿದ್ದ, ನಿದ್ದೆಯೂ ಬಂದಿತ್ತು. ಶೇಖಮ್ಮನಿಗೆ ಆ ಅಂಗಡಿ ನೆನಪಿದೆ. ಅದಕ್ಕೇ ಅವಳು ಅವನನ್ನು ಸಾವಕಾರ್ರ ಎಂದು ಕರೆಯುವುದು. ಆ ಪದ ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಮೈ ಹಿಡಿಯಾದಂತಾಗುತ್ತಿತ್ತು.

ಶೇಖಮ್ಮ ತಲೆಸ್ನಾನ ಮಾಡಿ ಕೂದಲು ಹರಡಿಕೊಂಡು ಹಿತ್ತಲಿನಲ್ಲಿದ್ದಳು. ಆಗಲೇ ಪೂಜೆ ಮುಗಿದಿತ್ತು. ಕಲ್ಲು ಮೇಲಿನಿಂದ ಕೆಳಗಿನವರೆಗೆ ಹೊಸ ಭಂಡಾರದಲ್ಲಿ ಮಿಂದು ಕೂತಿತ್ತು, ಮುಂದೆ ಒಡೆದ ಕಾಯಿಯ ಎರಡು ಹೋಳು. “ಬರ್ರಿ ಸಾವಕಾರ್ರ, ಒಳ್ಳೇ ಹೊತ್ತಿಗಿ ಬಂದ್ರಿ” ಎಂದವಳೇ ಅವನು ಬೇಕು ಬೇಡ ಅನ್ನುವ ಮೊದಲೇ ತೊಗಲಿನ ಚೀಲದಿಂದ ಒಂದು ಚಿಟಿಕೆ ತೆಗೆದು ಅವನ ಹಣೆಗೆ, ವಿಭೂತಿಯ ಕೆಳಗೆ, ಹೆಬ್ಬೆರಳಿನಿಂದ ತೀಡಿದಳು. ಬೆರಳು ಒರಟಾಗಿತ್ತು, ಬೆಚ್ಚಗಿತ್ತು. ಅವ್ವ ಹೋದ ಮೇಲೆ ಅವನ ಹಣೆಯನ್ನು ಯಾರೂ ಹೀಗೆ ಮುಟ್ಟಿರಲಿಲ್ಲ. “ಅದೇನ್ರಿ ಕೈಯಾಗ ಚೀಲ?” “ಏನಿಲ್ರಿ, ಗೋದಾಮಿಂದು.” ಅವನು ಕವರನ್ನು ಬೆನ್ನ ಹಿಂದೆ ಹಿಡಿದ. ಅವಳು ಖಾನಾವಳಿಯ ಸುದ್ದಿ ತೆಗೆದಳು; ಎರಡು ಒಲೆ ಬಂದಿವೆ, ಜಮ್ಮುಲಮ್ಮನ ಕೈಯ ಪುಂಡಿಪಲ್ಲೆಗೆ ಗದ್ವಾಲಿನ ಮಂದಿ ಸಾಲು ಹಚ್ಚುತ್ತಾರೆ. “ಆದ್ರ ಐತಾರ ಬಂದ್ರ ನಾ ಅಲ್ಲಿರಂಗಿಲ್ಲ ಅಂತ ತಂಗಿಗಿ ಮೊದಲ ಹೇಳೀನಿ. ಜುರಾಲ ಡ್ಯಾಮು ದಾಟಿ ಮೊದಲ ಬಸ್ಸಿಗಿ ಬಂದಬಿಡ್ತೀನಿ. ನಿಮ್ಮ ಹೆಣ್ಮಕ್ಕಳಿಗೆ ತ್ರಾಸ ಕೊಡಂಗಿಲ್ರಿ, ಹಿಂದಿನ ಬಾಗಲಿಂದ ಬಂದು, ಹಚ್ಚಿ, ಹೋಗಿಬಿಡ್ತೀನಿ.” “ತ್ರಾಸ ಏನ್ ಬಂತ್ರಿ” ಎಂದ ಬಸವಪ್ರಸಾದ. ಈಗ ಹೇಳಬೇಕು. “ಶೇಖಮ್ಮಾ, ಈಗ ಆ ಇಂಜಿನಿಯರ್ ಬರ್ತಾರಲ್ರಿ…” “ಬರ್ಲಿ. ಬಯಾನಾ ಮುಟ್ಟೇತಿ ಅಂತ ನಾ ಹೇಳ್ತೀನಿ. ಖರೇ ಹೇಳಾಕ ಯಾರ ಅಂಜಿಕಿ?” “ಅದಲ್ರಿ…” ಅವಳು ಕಾಯುತ್ತ ಅವನ ಮುಖ ನೋಡಿದಳು. ಆ ಮುಖದಲ್ಲಿ ಒಂದಿಷ್ಟಾದರೂ ಅನುಮಾನ ಇದ್ದಿದ್ದರೆ ಅವನು ಬಾಯಿ ಬಿಡುತ್ತಿದ್ದ. ಬೆನ್ನ ಹಿಂದಿನ ಕವರು ಬೆವರಿನ ಕೈಗೆ ಅಂಟುತ್ತಿತ್ತು. ಓಣಿಯಲ್ಲಿ ಮೋಟರ್‌ಸೈಕಲ್ಲಿನ ಸದ್ದಾಯಿತು, ಅವಳು ಸೆರಗು ಹೊದ್ದುಕೊಂಡು ಬಾಗಿಲಿಗೆ ನಡೆದಳು, ಅವನು ಕವರನ್ನು ಒಲೆಯ ಕಟ್ಟಿಗೆಯ ಸಂದಿಗೆ ತಳ್ಳಿದ.

ಇಂಜಿನಿಯರ್ ಚಂದ್ರಕಾಂತ್ ಮೂವತ್ತು ಮೂವತ್ತೈದರ, ನಗುಮುಖದ ಮನುಷ್ಯ. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡುತ್ತ, ಅಂಗೈಯಗಲದ ಒಂದು ಯಂತ್ರವನ್ನು ಗೋಡೆಗಿಟ್ಟು ಗುಂಡಿ ಒತ್ತುತ್ತಿದ್ದ. ಎದುರಿನ ಗೋಡೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತಿತ್ತು, ಅಳತೆ ಮುಗಿಯುತ್ತಿತ್ತು. ಒಂದು ಕೋಣೆಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಕೋಣೆಗಳು ಇನ್ನಷ್ಟು ಇದ್ದಿದ್ದರೆ ಎಂದು ಬಸವಪ್ರಸಾದ ಅವನ ಹಿಂದೆ ಹಿಂದೆ ನಡೆದ. ಪಡಸಾಲೆ ಚೊಕ್ಕ ಐತಿ, ಮಾಳಿಗಿ ಗಟ್ಟಿ ಐತಿ, ಇಪ್ಪತ್ತು ನಡೀತದ ಎಂದು ಚಂದ್ರಕಾಂತ್ ಹೇಳುತ್ತ ಹೋದ ಹಾಗೆ ಬಸವಪ್ರಸಾದನಿಗೆ ಸಂತೋಷವಾಗಬೇಕಿತ್ತು, ಅವನು ಹಿತ್ತಲಿಗೆ ಇನ್ನೆಷ್ಟು ಕೋಣೆ ಉಳಿದಿವೆ ಎಂದು ಎಣಿಸುತ್ತಿದ್ದ. ಅಡಿಗೆಮನೆ ದಾಟಿದರೆ ಹಿತ್ತಲು. ಹಿಂದಿನ ಬಾಗಿಲು ತೆರೆದೇ ಇತ್ತು. ಬಿಸಿಲಿನಲ್ಲಿ ಹಳದಿ ಕಣ್ಣಿಗೆ ಹೊಡೆಯಿತು.

“ಇದೇಂದಿ?” ಎಂದ ಚಂದ್ರಕಾಂತ್. ಆಮೇಲೆ ಕನ್ನಡಕ್ಕೆ ತಿರುಗಿ, “ಗುಡಿ ಏನರ ಐತೇನ್ರಿ? ಇದ್ರ ಬರೀಬೇಕಾಗ್ತದ. ಆಮ್ಯಾಲೆ ನಮ್ಮ ಕುತ್ತಿಗಿಗಿ ಬರ್ತದ” ಎಂದ. ಕೇಳಿದ್ದು ಸಿಡುಕಿನಿಂದಲ್ಲ, ನೀವು ಇಲ್ಲ ಅಂದುಬಿಡಿ, ನಾನೂ ಹೋಗುತ್ತೇನೆ ಎನ್ನುವ ಹಾಗೆ. ಬಸವಪ್ರಸಾದ ಶೇಖಮ್ಮನ ಕಡೆ ನೋಡಬಾರದು ಎಂದುಕೊಂಡು ಬೇವಿನ ಗಿಡದ ಕಡೆ ನೋಡಿದ. ಸ್ರವಂತಿ ತಲೆಯೆತ್ತದೆ ಓದುತ್ತಿದ್ದುದು ನೆನಪಾಯಿತು. ಶೈಲಜಾಳ ಬರಿಗೊರಳು ನೆನಪಾಯಿತು. ಒಂದು ಸುಳ್ಳಿಗೆ ಅವಳ ಸರ ಹೋಯಿತು, ಈಗ ಇದನ್ನು ಹೇಳದಿದ್ದರೆ ಆ ಸುಳ್ಳೂ ದಂಡ. “ಗುಡಿ ಎಲ್ಲೀದು ಸರ್,” ಎಂದ, “ಅರಿವಿ ಒಗೆಯೋ ಕಲ್ಲು.” ಮಾತು ಬಹಳ ಸುಲಭವಾಗಿ ಬಂತು. ದನಿಯಲ್ಲಿ ಒಂದು ತುಣುಕು ನಗೆ ಸಹ ಇತ್ತು, ಗೋದಾಮಿನಲ್ಲಿ ಚೀಲ ಕಡಿಮೆ ಬಿದ್ದಾಗ ತಪಾಸಣೆಯವರ ಮುಂದೆ ನಗುವ ನಗೆ. “ಒಗೆಯೋ ಕಲ್ಲಿಗಿ ಈ ಹಳದಿ ಯಾಕ್ರಿ? ಕಾಯಿ ಬ್ಯಾರೆ?” ಚಂದ್ರಕಾಂತ್ ಅವನ ಮುಖ ನೋಡಿ ನಕ್ಕ. “ನಿಮ್ಮ ಹಣಿಗೂ ಐತಲ್ರಿ.” ಬಸವಪ್ರಸಾದ ಹಣೆಯನ್ನು ಅಂಗೈಯಿಂದ ಒರೆಸಿಕೊಂಡ. ಬೆವರಿಗೆ ಕರಗಿದ ಅರಿಶಿನ ಅಂಗೈ ತುಂಬಿತು. ಆ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಅಂಗಿಯೊಳಗಿನ ಲಿಂಗದ ಮೇಲಿಟ್ಟುಕೊಂಡ, ಅಲ್ಲಿಂದಲೂ ತೆಗೆದ. ಒಂದು ಸುಳ್ಳಿಗೆ ಇನ್ನೊಂದು ಜೊತೆ ಸಿಗುವುದು ರೂಢಿ; ಈ ಸಲ ಸಿಗಲಿಲ್ಲ.

ಆಗ ಅವನು ಶೇಖಮ್ಮನ ಕಡೆ ನೋಡಿದ. ಅವಳು ಹೊಸ್ತಿಲ ಮೇಲೆ ನಿಂತಿದ್ದಳು. ಸಿಟ್ಟಿನ ಮುಖ ಇರುತ್ತದೆ ಎಂದುಕೊಂಡಿದ್ದ, ಸಿಟ್ಟಿರಲಿಲ್ಲ. ಸಂತೆಯಲ್ಲಿ ಜೊತೆಗೆ ಬಂದ ಮಗು ಎಲ್ಲೋ ತಪ್ಪಿಸಿಕೊಂಡಿದೆ ಎಂದು ಗೊತ್ತಾದ ಗಳಿಗೆಯ ಮುಖ ಅದು. ಅವಳು ತಿರುಗಿ ಒಳಗೆ ಹೋದಳು. ರಸೀದಿಯ ತನ್ನ ಕಡೆಯ ಪ್ರತಿ ತರಲು ಹೋದಳು ಎಂದು ಅವನಿಗೆ ಖಾತ್ರಿಯಾಯಿತು. ತಂದು ಇಂಜಿನಿಯರನ ಮುಂದೆಯೇ ಹರಿದು ಹಾಕುತ್ತಾಳೆ, ಇವನು ನನಗೆ ಒಂದು ಪೈಸೆ ಕೊಟ್ಟಿಲ್ಲ ಅನ್ನುತ್ತಾಳೆ. ಅನ್ನಲಿ. ಮನೆ ಹೋಗುತ್ತದೆ, ಹೋಗಲಿ, ಶೈಲಜಾ ಸರ ಹಾಕಿಕೊಳ್ಳಬಹುದು. ಶೇಖಮ್ಮ ಹೊರಗೆ ಬಂದಳು. ಒಂದು ಕೈಯಲ್ಲಿ ನೀರಿನ ಬಕೆಟ್ಟು, ಇನ್ನೊಂದರಲ್ಲಿ ಒಂದು ಬಿಳಿ ಧೋತರ, ಅದರ ಮೇಲೆ ಸಬಕಾರದ ಬಿಲ್ಲೆ. ಧೋತರ ನರಸಯ್ಯನದಿರಬೇಕು. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಯಿಯ ಹೋಳುಗಳನ್ನು ಉಡಿಗೆ ಹಾಕಿಕೊಂಡಳು. ಎರಡು ಕೈಯಿಂದಲೂ ಬಕೆಟ್ಟನ್ನು ಎತ್ತಿ, ಒಂದು ಕ್ಷಣ ಹಾಗೇ ಹಿಡಿದಿದ್ದು, ಕಲ್ಲಿನ ನೆತ್ತಿಯ ಮೇಲೆ ಸುರಿದಳು. ಭಂಡಾರ ಕಟ್ಟೆಯೊಡೆದು ಹರಿಯಿತು, ಬೇವಿನ ಬೇರು ಬಳಸಿ, ಇಂಜಿನಿಯರನ ಬೂಟು ತಪ್ಪಿಸಿ, ಬಸವಪ್ರಸಾದನ ಚಪ್ಪಲಿಯ ಕೆಳಗೆ ಬಂತು. ಅವನು ಕಾಲೆತ್ತಲಿಲ್ಲ. ಅವಳು ಧೋತರಕ್ಕೆ ಸಬಕಾರ ತಿಕ್ಕಿ, ಎತ್ತಿ, ಕಲ್ಲಿಗೆ ಬಡಿದಳು. ಇನ್ನೊಂದು ಸಲ ಎತ್ತಿ ಬಡಿದಳು. ಬೇಡ್ರಿ ಅನ್ನಬೇಕಿತ್ತು. ಹೋಗಿ ಕೈ ಹಿಡಿಯಬೇಕಿತ್ತು. ಇಡೀ ಮೈಯಲ್ಲಿ ಅವನ ಮಾತು ಕೇಳುವ ಒಂದು ಅಂಗವೂ ಇದ್ದಂತಿರಲಿಲ್ಲ. ಬಟ್ಟೆಯ ಸದ್ದು ಎದುರು ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು.

“ಹಾಂ, ಸರಿ ಸರಿ,” ಎಂದು ಚಂದ್ರಕಾಂತ್ ಫೋನು ಹೊರತೆಗೆದು ಒಂದು ಫೋಟೊ ಹೊಡೆದ. ಬಟ್ಟೆ ಎತ್ತಿದ ಕೈ, ನೊರೆ, ಕಲ್ಲು ಎಲ್ಲ ಅದರಲ್ಲಿ ಬಂದಿರಬೇಕು. ಕಾಗದದ ಮೇಲೆ ಬರೆದುಕೊಳ್ಳುತ್ತ ಗಟ್ಟಿಯಾಗಿ ಓದಿದ: ಹಿತ್ತಲಿನಲ್ಲಿ ಬೇವಿನ ಮರ ಒಂದು, ಬಟ್ಟೆ ಒಗೆಯುವ ಕಲ್ಲು ಒಂದು. ಇನ್ನು ಅದಕ್ಕೆ ಬ್ಯಾಂಕಿನ ಮೊಹರು ಬೀಳುತ್ತದೆ. ಸಾಲ ತೀರುವ ಇಪ್ಪತ್ತು ವರ್ಷ ಕಬ್ಬಿಣದ ಬೀರುವಿನಲ್ಲಿ ಅದೇ ನಿಜವಾಗಿ ಇರುತ್ತದೆ. “ಅಮ್ಮಾ, ಕಡೀ ಮಾತು ಒಂದು ಕೇಳ್ಬೇಕು” ಎಂದು ಅವನು ಶೇಖಮ್ಮನ ಕಡೆ ತಿರುಗಿದ. “ನಾಲ್ಕು ಲಕ್ಷ ಬಯಾನಾ ನಿಮಗ ಮುಟ್ಟೇತೇನು?” ಅವಳ ಕೈ ನಿಂತಿತು. 'ಇಲ್ಲ' ಅನ್ನಲಿ ಎಂದು ಬಸವಪ್ರಸಾದ ಬೇಡಿಕೊಂಡ, ಯಾರನ್ನು ಬೇಡುತ್ತಿದ್ದೇನೆ ಎಂದು ಮಾತ್ರ ಗೊತ್ತಾಗಲಿಲ್ಲ. ಬೇಡಿಕೊಳ್ಳಬಹುದಾದದ್ದರ ಮೇಲೆ ನೊರೆ ಇಳಿಯುತ್ತಿತ್ತು. ನಾ ಸುಳ್ಳಿಗೆ ಸಹಿ ಹಾಕೂ ಹೆಣ್ಮಗಳಲ್ಲ ಎಂದಿದ್ದಳು. ಆವತ್ತು ಆ ರಸೀದಿ ಅವಳ ಪಾಲಿಗೆ ನಿಜವಾಗಿತ್ತು. ಅದನ್ನು ಸುಳ್ಳು ಮಾಡಿದವನು ಎರಡು ಮಾರು ದೂರದಲ್ಲಿ ನಿಂತಿದ್ದ. ಶೇಖಮ್ಮ ಅವನನ್ನು ನೋಡಿದಳು, ನೆನೆದ ಧೋತರವನ್ನು ನೋಡಿದಳು. “ಮುಟ್ಟೇತ್ರಿ,” ಎಂದಳು. “ಪೂರಾ ಮುಟ್ಟೇತಿ.”

ಚಂದ್ರಕಾಂತ್ ಚಹಾ ಬೇಡವೆಂದು ಹೇಳಿ, ಇದೇ ಜಿಲ್ಲೆಯ ಮದ್ದೂರಿನಲ್ಲಿ ಇನ್ನೊಂದು ಮನೆ ನೋಡುವುದಿದೆ, ಎರಡು ವಾರದಲ್ಲಿ ಮಂಜೂರಾಗುತ್ತದೆ, ಏನೂ ತೊಂದರೆಯಿಲ್ಲ ಎಂದು ಬಸವಪ್ರಸಾದನ ಕೈ ಕುಲುಕಿ ಹೊರಟುಹೋದ. ಮೋಟರ್‌ಸೈಕಲ್ಲಿನ ಸದ್ದು ರಸ್ತೆ ಸೇರುವ ತನಕ ಬಸವಪ್ರಸಾದ ಬಾಗಿಲಲ್ಲೇ ನಿಂತಿದ್ದ. ಹಾಗೇ ಮನೆಗೆ ಹೋಗಿಬಿಡಬಹುದಿತ್ತು. ಹಿತ್ತಲಿಗೆ ತಿರುಗಿ ಬಂದ. ಶೇಖಮ್ಮ ಬಟ್ಟೆಯನ್ನು ಎರಡನೆಯ ನೀರಿನಲ್ಲಿ ಜಾಲಿಸುತ್ತಿದ್ದಳು. ಶುರು ಮಾಡಿದ ಕೆಲಸವನ್ನು ಅರ್ಧಕ್ಕೆ ಬಿಡುವುದು ಅವಳಿಗೆ ಬಾರದು. “ಆ ತುದಿ ಹಿಡೀರಿ” ಎಂದಳು. ಅವನು ಹಿಡಿದ. ಇಬ್ಬರೂ ಎದುರುಬದುರು ನಿಂತು ಹಿಂಡಿದರು. ನೀರು ಮೊದಲು ಹಳದಿಯಾಗಿ, ಆಮೇಲೆ ತೆಳ್ಳಗಾಗಿ ಸುರಿಯಿತು. ಕಲ್ಲು ಬೂದು ಬಣ್ಣದ್ದಾಗಿತ್ತು. ಅವಳ ಹಣೆಯ ಮೇಲಿನ ಭಂಡಾರ ಮಾತ್ರ ಹಾಗೇ ಇತ್ತು. ಅವನಿಗೆ ನಾಲ್ಕು ಲಕ್ಷ ತಿರುಗಿ ಕೊಡುತ್ತೇನೆ ಅನ್ನಬೇಕೆನಿಸಿತು. ಇಲ್ಲದ್ದನ್ನು ಕೊಡುವುದು ಹೇಗೆ. ತಪ್ಪಾಯಿತು ಅನ್ನಬೇಕೆನಿಸಿತು, ಯಾರ ಮುಂದೆ ಅನ್ನುವುದು. ಬಾಯಿಂದ ಬಂದದ್ದು ಬೇರೆಯೇ ಮಾತು. “ಬರೂ ಐತಾರ ಬರ್ರಿ ಶೇಖಮ್ಮಾ. ಹಿಂದಿನ ಬಾಗಲು ತೆಗೆದ ಇಡ್ತೀನಿ. ಯಾವಾಗರ ಬರ್ರಿ.”

ಅವಳು ಹಿಂಡುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. ದನಿಯಲ್ಲಿ ಹಂಗಿಸುವುದು ಏನೂ ಇರಲಿಲ್ಲ, ತಿಳಿಯದ್ದನ್ನು ಕೇಳುವವರ ಹಾಗೆ ಕೇಳಿದಳು. “ಯಾಕ್ರಿ ಸಾವಕಾರ್ರ, ಅರಿವಿ ಒಗ್ಯಾಕ ಗದ್ವಾಲದಾಗ ಕಲ್ಲಿಲ್ಲೇನ್ರಿ?”

ಅವನ ಕೈಯಲ್ಲಿದ್ದ ತುದಿಯನ್ನು ಬಿಡಿಸಿಕೊಂಡು, ಧೋತರವನ್ನು ಝಾಡಿಸಿ, ಒಣಹಾಕಲು ಹಗ್ಗದ ಕಡೆಗೆ ಹೋದಳು.